ಬೆಂಡು ಮುಳುಗಿದ ದಿನ

ಫೆಬ್ರವರಿ ೧೧, ಭಾನುವಾರ

ಬೆಳಿಗ್ಗೆ ಬೆಂಡುವಿನ ಮಗಳಿಗೆ ಪತ್ರ ಬರೆಯಲು ಕುಳಿತೆ. ಕರಡನ್ನು ಇಲ್ಲಿ ಇಳಿಸಿಕೊಳ್ಳುತ್ತೇನೆ.

“ಪ್ರೀತಿಯ ಮಗಳೇ, ಈ ತಿಂಗಳ ನಾಲ್ಕರಂದು ನಿನಗೆ ಬರೆದ ಪತ್ರದಲ್ಲಿ ಒಂದು ತಪ್ಪು ನುಸುಳಿದೆ, ಕ್ಷಮೆ ಕೋರುತ್ತೇನೆ. ನಿನ್ನ ತಂದೆ ಮೂರನೆಯ ಸೆಳವಿನಲ್ಲಿ ದೋಣಿ ಮಗುಚಿ ನೀರುಪಾಲಾಗಿ, ನಾನು ಹಗ್ಗ ಎಸೆದು ಅವನನ್ನು ಎಳೆದುಕೊಂಡ ದಿನವನ್ನು ಮಾರ್ಚ್ ಹದಿನೆಂಟು ಎಂದು ಬರೆದಿದ್ದೆ. ಅದು ಹದಿನೇಳು ಎಂದಾಗಬೇಕು. ಮೂವತ್ತಮೂರು ವರ್ಷಗಳ ಹಿಂದಿನ ಆ ಹದಿನೆಂಟು ಸೋಮವಾರ. ಸೋಮವಾರಗಳಂದು ನಿನ್ನ ತಂದೆ ಊರಿನವರ ನಲ್ಲಿಗಳ ಕೆಳಗೆ ಮಲಗಿರುತ್ತಿದ್ದನೇ ಹೊರತು ನದಿಗೆ ಬರುತ್ತಿರಲಿಲ್ಲ. ಉಳಿದ ವಿವರಗಳೆಲ್ಲ ಸರಿಯಾಗಿವೆ.”

ಕೊನೆಯ ವಾಕ್ಯದ ಬಳಿ ಲೇಖನಿ ನಿಂತಿತು. ಮೂರೇ ಪದಗಳ ವಾಕ್ಯ. ಅದನ್ನು ಚೊಕ್ಕ ಪ್ರತಿಗೆ ಇಳಿಸಲಾಗಲಿಲ್ಲ. ಶಾಯಿ ಮುಗಿಯಿತೆಂದು ನನಗೆ ನಾನೇ ಹೇಳಿಕೊಂಡು ಎದ್ದೆ. ಶಾಯಿ ಮುಗಿದಿರಲಿಲ್ಲ.

ಎಪ್ಪತ್ತರ ಮರೆವು ಹೇಳಿಕೇಳಿ ಬರುವುದಿಲ್ಲ. ಆದ್ದರಿಂದ, ಮುಂದೊಮ್ಮೆ ಓದುವ ನನಗೇ ತೊಡಕಾಗದಿರಲೆಂದು ಕೆಲವನ್ನು ಬರೆದಿಡುತ್ತೇನೆ. ಬೆಂಡು ನನ್ನ ಗೆಳೆಯ. ವೃತ್ತಿಯಿಂದ ನಲ್ಲಿ ಕೆಲಸದವನು, ಪ್ರವೃತ್ತಿಯಿಂದ ಹೊನಲಿನವನು. ಬಿಳಿ ನೊರೆಯೆಬ್ಬಿಸುತ್ತ ಬಂಡೆಗಳ ನಡುವೆ ಧುಮುಕುವ ನದಿಯಲ್ಲಿ ಒಬ್ಬನೇ ಕೂರುವ ಕಯಾಕ್ ಎಂಬ ಕಿರಿದೋಣಿಯನ್ನು ಅವನಷ್ಟು ಹಗುರವಾಗಿ ನಡೆಸಿದವರನ್ನು ನಾನು ಕಂಡಿಲ್ಲ. ಎಲ್ಲಿ ಅದುಮಿದರೂ ಮೇಲೇಳುತ್ತಾನೆಂದು ನಮ್ಮ ದೋಣಿ ಸಂಘದವರು ಇಟ್ಟ ಹೆಸರು ಬೆಂಡು. ನಾನು ದೋಣಿ ಕಲಿಸುವ ಸಂಘದ ಶಾಲೆಯನ್ನು ಇಪ್ಪತ್ತೇಳು ವರ್ಷ ನಡೆಸಿದವನಾದ್ದರಿಂದ ಎಲ್ಲರಿಗೂ ಮೇಷ್ಟ್ರು. ಕಳೆದ ಜನವರಿ ಇಪ್ಪತ್ತೆರಡರಂದು ಯಾರದೋ ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಕೈಯಲ್ಲಿ ನಲ್ಲಿ ಬಿಗಿಯುವ ಪಾನ ಹಿಡಿದವನು ಹಾಗೆಯೇ ಹೋಗಿಬಿಟ್ಟ. ನದಿಗೆ ಅವನನ್ನು ಮುಟ್ಟಲಾಗಲಿಲ್ಲ.

ಫೆಬ್ರವರಿ ೧೩, ಮಂಗಳವಾರ

ಸಂಘದ ಕಾರ್ಯದರ್ಶಿ ಬಂದಿದ್ದ. ಬೇಕರಿಯವನು; ತೋಳಿನ ಮೇಲಿನ ಮೈದಾಹಿಟ್ಟನ್ನು ಕೊಡವಿಕೊಳ್ಳದೆಯೇ ಬರುತ್ತಾನೆ. ನನ್ನಾಕೆ ಕುರ್ಚಿಯ ಮೇಲೆ ಹಳೆಯ ಬಟ್ಟೆ ಹಾಸಿದ ಮೇಲೆಯೇ ಕೂರಲು ಹೇಳಿದಳು.

ನಮ್ಮಲ್ಲೊಂದು ರೂಢಿಯುಂಟು. ಜೊತೆಯವರು ತೀರಿಕೊಂಡರೆ, ನೀರು ಹದವಾದ ಮೊದಲ ಭಾನುವಾರ ಎಲ್ಲರೂ ದೋಣಿಗಳಲ್ಲಿ ಇಳಿದು, ತೀರಿಕೊಂಡವರ ಹೆಸರಿನ ಸೆಳವಿನ ಮೇಲಿನ ನಿಂತ ನೀರಿನಲ್ಲಿ ಒತ್ತಾಗಿ ಸೇರುತ್ತೇವೆ. ಹುಟ್ಟುಗಳ ತುದಿಗಳನ್ನು ಒಂದಕ್ಕೊಂದು ತಾಗಿಸಿ ಹಿಡಿಯುತ್ತೇವೆ. ಒಬ್ಬರು ಕಥೆ ಹೇಳುತ್ತಾರೆ. ಬೆಂಡುವಿಗಾಗಿ ಸೇರುವುದು ಮಾರ್ಚ್ ಹದಿನೇಳಕ್ಕೆ. ಮಗಳು ನನ್ನ ಪತ್ರವನ್ನೇ ಅಲ್ಲಿ ಓದುವಳಂತೆ. ಬಂಡೆಗೆ ಒಂದು ಹಿತ್ತಾಳೆಯ ಫಲಕವನ್ನೂ ಕೂರಿಸುವರಂತೆ.

“ಬರಹ ಒಂದ್ಸಲ ನೋಡಿಕೊಡಿ ಮೇಷ್ಟ್ರೇ. ನಿಮ್ಮ ಕಣ್ಣು ತಪ್ಪಿಸಿ ಕೆತ್ತಿಸಿದ್ರೆ ನಾಳೆ ನೀವು ಉಳಿ ಹಿಡ್ಕೊಂಡು ಬಂಡೆ ಹತ್ತಿಬಿಡ್ತೀರ” ಎಂದ.

ಚೀಟಿಯಲ್ಲಿ ಹೀಗಿತ್ತು: “ಬೆಂಡುಮುಳುಗು. ಇಲ್ಲಿ ಬೆಂಡು ಮುಳುಗಿದ, ಮೇಷ್ಟ್ರು ಎತ್ತಿದರು. ಮಾರ್ಚ್ ೧೮.”

ಮುಳುಗುವುದು ಎಂದರೆ ನಮ್ಮವರಲ್ಲಿ ಸಾಯುವುದಲ್ಲ. ದೋಣಿ ಮಗುಚಿದರೆ ಹುಟ್ಟಿನಿಂದ ನೀರನ್ನೊತ್ತಿ ಕುಳಿತಲ್ಲಿಂದಲೇ ಏಳಬೇಕು. ಏಳಲಾಗದೆ ದೋಣಿಯನ್ನು ಬಿಟ್ಟು ಹೊರಬಂದವನು ಮುಳುಗಿದವನು. ಅವನು ಆ ಸಂಜೆ ತನ್ನ ಒದ್ದೆ ಬೂಟಿಗೆ ಬಿಯರ್ ಸುರಿಸಿಕೊಂಡು ಎಲ್ಲರೆದುರು ಕುಡಿಯಬೇಕು. ಮುಳುಗಿದ ಜಾಗಕ್ಕೆ ಹೆಸರಿಲ್ಲದಿದ್ದರೆ ಅವನ ಹೆಸರೇ ನಿಲ್ಲುತ್ತದೆ. ಬೆಂಡು ಮುಳುಗಿದನೆಂಬ ಸೋಜಿಗಕ್ಕೆ ಮೂರನೆಯ ಸೆಳವು ಅಂದಿನಿಂದ ಬೆಂಡುಮುಳುಗು.

ನಾನು ಅಲ್ಪವಿರಾಮವನ್ನು ಅರ್ಧವಿರಾಮ ಮಾಡಿದೆ. ಹದಿನೆಂಟನ್ನು ಹದಿನೇಳು ಮಾಡಿದೆ.

“ಅಷ್ಟೇನಾ ತಪ್ಪು?” ಎಂದು ಕೇಳಿದ.

“ಅಷ್ಟೇ” ಎಂದೆ.

ಈ ತಿಂಗಳ ಕೊನೆಯ ದಿನ ಕೆತ್ತುವವನಿಗೆ ಕೊಡುವನಂತೆ.

ಫೆಬ್ರವರಿ ೧೭, ಶನಿವಾರ

ಬೆಂಡುವಿನ ಮಗಳು ಬಂದಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ, ಮೂವತ್ತಾರು ವರ್ಷ. ನಗುವಾಗ ಮೂಗಿನ ತುದಿ ಅವಳ ಅಪ್ಪನದರಂತೆಯೇ ಕೆಳಗೆ ಬಾಗುತ್ತದೆ. ಅಪ್ಪನ ಪಾನ, ಇಕ್ಕಳ, ನಲ್ಲಿಯ ರಬ್ಬರ್ ಬಿಲ್ಲೆಗಳನ್ನೆಲ್ಲ ವಿಂಗಡಿಸುತ್ತಿದ್ದಳಂತೆ. ಕೆಲಸದ ಪೆಟ್ಟಿಗೆಯ ತಳದಲ್ಲಿ ಒಂದು ವಸ್ತು ಸಿಕ್ಕಿತೆಂದು ಕಾಗದದಲ್ಲಿ ಸುತ್ತಿ ತಂದಿದ್ದಳು.

ಎಡಗಾಲಿನ ಒಂಟಿ ರಬ್ಬರ್ ಬೂಟು. ಒಳಮೈಯಲ್ಲಿ ಅಳಿಸದ ಶಾಯಿಯಲ್ಲಿ, ದುಂಡಗಿನ ಅಕ್ಷರಗಳಲ್ಲಿ ನನ್ನ ಹೆಸರು. ಅದರ ಕೆಳಗೆ “ಎಡ” ಎಂಬ ಪದ.

“ದೊಡ್ಡಪ್ಪ, ಬೂಟಿನೊಳಗೆ ಎಡ ಅಂತ ಬರೆದುಕೊಳ್ಳೋರು ಈ ಭೂಮಿ ಮೇಲೆ ನೀವೊಬ್ಬರೇ. ಇದು ಅಪ್ಪನ ಪೆಟ್ಟಿಗೇಲಿ ಯಾಕಿತ್ತು?”

ನಾನು ಬೂಟನ್ನು ಮಗುಚಿ ಅಟ್ಟೆಯನ್ನು ನೋಡಿದೆ. ನೋಡುವುದಕ್ಕೇನೂ ಇರಲಿಲ್ಲ. “ಯಾವಾಗಲೋ ಎರವಲು ಕೊಟ್ಟಿದ್ದೆನೇನೋ” ಎಂದೆ.

“ಒಂದೇ ಕಾಲಿಗಾ?”

ನನ್ನಾಕೆ ಒಳಗಿನಿಂದ ಕೆಮ್ಮಿದಳು. ಮಗಳು ನಕ್ಕಳು. ಆಮೇಲೆ ಅವಳಾಗಿಯೇ ಹಳೆಯ ಮಾತು ತೆಗೆದಳು. “ನಾನು ಹದಿನಾಲ್ಕು ವರ್ಷದವಳಿದ್ದಾಗ ಅಪ್ಪ ಕಲಿಸ್ತೀನಿ ಬಾ ಅಂದ್ರೆ, ‘ಮುಳುಗಿದವರ ಹತ್ರ ನಾನು ಕಲಿಯಲ್ಲ, ಎತ್ತಿದವರ ಹತ್ರ ಕಲೀತೀನಿ’ ಅಂದಿದ್ದೆ. ನೆನಪಿದ್ಯಾ? ಎಂಥ ಜಂಬ ನನಗೆ! ಅಪ್ಪ ಪಾಪ, ಆ ಬೇಸಿಗೆಯೆಲ್ಲ ದಡದಲ್ಲಿ ಹಗ್ಗ ಹಿಡ್ಕೊಂಡು ನಿಂತಿರ್ತಿದ್ರು. ಆದ್ರೂ ಒಳ್ಳೇದೇ ಆಯ್ತು. ನಿಮ್ಮಂಥ ಮೇಷ್ಟ್ರು ಸಿಕ್ಕಿದ್ರಲ್ಲ. ಒಂದ್ಸಲವೂ ಥ್ಯಾಂಕ್ಸ್ ಹೇಳಿಲ್ಲ ನಿಮಗೆ.”

ನನಗೆ ಧನ್ಯವಾದ ಹೇಳಿ ಹೊರಟುಹೋದಳು. ಬೂಟು ಮೇಜಿನ ಮೇಲಿದೆ.

ಫೆಬ್ರವರಿ ೧೮, ಭಾನುವಾರ

ಬೂಟನ್ನು ಕಪಾಟಿನಲ್ಲಿಟ್ಟೆ. ಮತ್ತೆ ತೆಗೆದು ಮೇಜಿನ ಮೇಲಿಟ್ಟೆ.

ಫೆಬ್ರವರಿ ೨೦, ಮಂಗಳವಾರ

ನಲವತ್ತು ವರ್ಷ ಪರರ ಬರಹ ತಿದ್ದಿದ್ದೇನೆ. ಮೊದಲು ಮುದ್ರಣಾಲಯದ ಕರಡುಗಳನ್ನು, ಆಮೇಲೆ ಸಂಘದ ನಡಾವಳಿಗಳನ್ನು. ಅಂಗಡಿಯ ಫಲಕದಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಒಳಹೊಕ್ಕು ಹೇಳಿ ಬರುವವನು. ನನ್ನದೇ ಒಂದು ಸಾಲನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ. ಇಲ್ಲಿ ನನ್ನ ಹೊರತು ಯಾರೂ ಓದುವವರಿಲ್ಲ. ಆದ್ದರಿಂದ ಬರೆಯುತ್ತೇನೆ.

ಮೂರನೆಯ ಸೆಳವಿನಲ್ಲಿ ಮುಳುಗಿದವನು ನಾನು.

ಆ ಭಾನುವಾರ ನಾವಿಬ್ಬರು ಮುಂದಿದ್ದೆವು. ಉಳಿದ ಐವರು ತಿರುವಿನ ಹಿಂದಿದ್ದರು. ಬೆಂಡು ಮೊದಲು ಇಳಿದು, ದೋಣಿಯನ್ನು ದೊಡ್ಡ ಬಂಡೆಯ ಹಿಂದಕ್ಕೆ ಎಳೆದಿಟ್ಟು, ಹಗ್ಗದ ಚೀಲ ಹಿಡಿದು ಬಂಡೆಯ ಮೇಲೆ ನಿಂತ. ನಾನು ಇಳಿದೆ, ಎಡಕ್ಕೆ ವಾಲಬೇಕಾದಲ್ಲಿ ಬಲಕ್ಕೆ ವಾಲಿದೆ, ಮಗುಚಿದೆ. ಮೂರು ಸಲ ಏಳಲು ಯತ್ನಿಸಿದೆ. ಮೂರನೆಯ ಸಲ ಹುಟ್ಟು ಕೈತಪ್ಪಿತು. ಸೊಂಟದ ರಬ್ಬರ್ ಹೊದಿಕೆಯನ್ನು ಕಿತ್ತು ದೋಣಿಯಿಂದ ಹೊರಬಿದ್ದೆ. ನೀರಿನೊಳಗೆ ಮೇಲು ಯಾವುದು, ಕೆಳಗು ಯಾವುದು ತಿಳಿಯಲಿಲ್ಲ. ಸದ್ದು ಮಾತ್ರ ಇತ್ತು. ತಲೆ ಹೊರಬಂದಾಗ ಕಿವಿಯ ಪಕ್ಕದಲ್ಲೇ ಹಗ್ಗ ಬಿತ್ತು. ಒಂದು ಗೇಣು ಅತ್ತ ಇಲ್ಲ, ಒಂದು ಗೇಣು ಇತ್ತ ಇಲ್ಲ.

ನನ್ನನ್ನು ಬಂಡೆಗೆ ಎಳೆದುಕೊಂಡು, ಹಗ್ಗವನ್ನು ನನ್ನ ಕೈಗೆ ತುರುಕಿ, ತೇಲಿಹೋಗುತ್ತಿದ್ದ ನನ್ನ ದೋಣಿಗಾಗಿ ಬೆಂಡು ನೀರಿಗೆ ಹಾರಿದ. ಅಷ್ಟರಲ್ಲಿ ಐವರೂ ತಿರುವು ದಾಟಿ ಬಂದರು. ಅವರು ಕಂಡದ್ದು ಇಷ್ಟು: ಬಂಡೆಯ ಮೇಲೆ ಹಗ್ಗ ಹಿಡಿದು ನಿಂತ ನಾನು, ನೀರಿನಲ್ಲಿ ಮಗುಚಿದ ದೋಣಿಯನ್ನು ತಬ್ಬಿಕೊಂಡ ಬೆಂಡು. ಆಗ ನಮ್ಮೆಲ್ಲರ ದೋಣಿಗಳೂ ಒಂದೇ ಅಚ್ಚಿನವು, ಒಂದೇ ಕೆಂಪಿನವು. ಮೈ ಒದ್ದೆಯಾಗಿರುವುದು ನಮ್ಮಲ್ಲಿ ಯಾವುದಕ್ಕೂ ಸಾಕ್ಷಿಯಲ್ಲ.

“ಯಾರ್ರೋ ಮುಳುಗಿದ್ದು?” ಎಂದು ಒಬ್ಬ ಕೂಗಿದ.

ಬೆಂಡು ನನ್ನತ್ತ ನೋಡಿದ. ಎರಡು ಉಸಿರಿನಷ್ಟು ಹೊತ್ತು. ನಾನು ಬಾಯಿ ತೆರೆಯಲಿಲ್ಲ.

“ನಾನೇ ಕಣ್ರಪ್ಪಾ! ಬೆಂಡೂ ಮುಳುಗುತ್ತೆ, ಬರೆದಿಟ್ಕೊಳ್ಳಿ!” ಎಂದ.

ಮರುದಿನ ಸೋಮವಾರ ಸಂಜೆ ಸಂಘದ ಸಭೆ. ಹೊಸ ಶಾಲೆಗೆ ಮುಖ್ಯಸ್ಥನನ್ನು ಆರಿಸುವುದಿತ್ತು, ಕಣದಲ್ಲಿ ಇದ್ದದ್ದು ನಾವಿಬ್ಬರೇ. ಆ ವರ್ಷ ಮೂರನೆಯ ಸೆಳವಿನಲ್ಲಿ ಮುಳುಗಿದವನಿಗೆ ಆ ಕೆಲಸವಿಲ್ಲವೆಂಬುದು ಕಟ್ಟಳೆ. ನನ್ನ ಮುದ್ರಣಾಲಯ ಮುಚ್ಚಿ ನಾಲ್ಕು ತಿಂಗಳಾಗಿತ್ತು. ನಾನು ಪ್ರತಿ ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕಿ ತೊಟ್ಟು, ಹೋಗಲು ಎಡೆಯಿಲ್ಲದೆ ಸಂಘದ ಷೆಡ್ಡಿಗೆ ಹೋಗಿ ಕೂರುತ್ತಿದ್ದುದನ್ನು ಅವನೊಬ್ಬನೇ ಕಂಡಿದ್ದ.

ಬೂಟಿನಲ್ಲಿ ಕುಡಿಯುವಾಗಲೂ ಅವನು ಕಟ್ಟಳೆ ಮುರಿಯಲಿಲ್ಲ. ಮುಳುಗಿದವನ ಬೂಟಿನಲ್ಲೇ ಕುಡಿದ. ನೀರಿನಲ್ಲಿ ಕಳಚಿದ ನನ್ನ ಎಡಬೂಟನ್ನು ದೋಣಿಯ ಜೊತೆಗೆ ಹಿಡಿದು ತಂದಿದ್ದ. ಅವನ ಎರಡು ಬೂಟುಗಳೂ ಕಾಲಲ್ಲೇ ಇದ್ದವು, ಮೊಣಕಾಲುದ್ದದ ನೀರಿನೊಳಗೆ. ಯಾರೂ ಕಾಲು ಎಣಿಸಲಿಲ್ಲ.

ಮರಳುವ ದಾರಿಯಲ್ಲಿ “ನಾಳೆ ಸಭೆಯಲ್ಲಿ ಹೇಳಿಬಿಡ್ತೀನಿ ಕಣೋ” ಎಂದೆ.

“ನಾಳೆ ಬೇಡ. ನಾಡಿದ್ದು ಹೇಳು” ಎಂದ.

ಆಮೇಲೆ ನಾನು ಆ ಮಾತೆತ್ತಿದಾಗಲೆಲ್ಲ ಅವನದು ಅದೇ ಉತ್ತರ. ವರ್ಷಕ್ಕೊಮ್ಮೆ ಎತ್ತುತ್ತಿದ್ದೆ, ಬರಬರುತ್ತ ಎರಡು ವರ್ಷಕ್ಕೊಮ್ಮೆ, ಆಮೇಲೆ ನಾನು ಎತ್ತುವುದನ್ನೇ ಬಿಟ್ಟೆ. ಅವನು ಮಾತ್ರ ಬಿಡಲಿಲ್ಲ. ಹೋದ ಡಿಸೆಂಬರಿನಲ್ಲಿ ನಮ್ಮ ಮನೆಯ ನಲ್ಲಿಗೆ ಬಿಲ್ಲೆ ಹಾಕಿ ಹೊರಡುವಾಗಲೂ ಬಾಗಿಲಲ್ಲಿ ನಿಂತು, “ಏನು ಮೇಷ್ಟ್ರೇ, ನಾಡಿದ್ದಾ?” ಎಂದು ಮೂಗು ಬಾಗಿಸಿ ನಕ್ಕಿದ್ದ. ಅದು ಚುಚ್ಚುಮಾತೆಂದು ತಿಳಿದಿದ್ದೆ. ಇಂದು ಬರೆಯುತ್ತಿರುವಾಗ ಹಾಗೆನಿಸುತ್ತಿಲ್ಲ. ಹೊರೆ ಹೊತ್ತವನು ಜೊತೆಯವನ ಹೆಗಲು ತಟ್ಟುವಂತಿತ್ತು ಅದು.

ಫೆಬ್ರವರಿ ೨೨, ಗುರುವಾರ

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ. ಬೆಂಡು ಹೋದ ಮೇಲೆ ಮೊದಲ ಸಲ. ಅದರ ಕೆಳಗೆ ಪಾತ್ರೆಯಿಟ್ಟು ನನ್ನಾಕೆ ಕಾಯಿಪಲ್ಲೆ ಹೆಚ್ಚುತ್ತಿದ್ದಳು. ಅವಳೆದುರು ಕುಳಿತು ಎಲ್ಲವನ್ನೂ ಹೇಳಿದೆ. ಅವಳ ಚಾಕು ಒಮ್ಮೆಯೂ ನಿಲ್ಲಲಿಲ್ಲ.

“ಗೊತ್ತು” ಎಂದಳು.

“ಹೇಗೆ? ಬೆಂಡು ಹೇಳಿದನೇ?”

“ಬೆಂಡಣ್ಣ ಯಾಕೆ ಹೇಳ್ತಾನೆ? ಅವತ್ತು ಬೆಂಡಣ್ಣನ ಜೊತೆ ಒಂದೇ ಬೂಟಲ್ಲಿ ಮನೆಗೆ ಬಂದೋರು ನೀವು ತಾನೇ. ಮಾರನೇ ದಿನ ಸಂಘದವರೆಲ್ಲ ಬಂದು ಬೆಂಡು ಮುಳುಗಿದ, ಬೆಂಡು ಮುಳುಗಿದ ಅಂತ ನಕ್ಕರು. ಮುಳುಗಿದೋನ ಕಾಲಲ್ಲಿ ಎರಡು ಬೂಟು, ಎತ್ತಿದೋರ ಕಾಲಲ್ಲಿ ಒಂದು. ನಾನೇನು ದಡ್ಡಿಯಾ?”

“ಇಷ್ಟು ವರ್ಷ ಬಾಯಿ ಬಿಡಲಿಲ್ಲವಲ್ಲೇ!”

“ನೀವೇ ಹೇಳ್ತೀರಿ ಅಂತ ಕಾದೆ. ಮೂವತ್ಮೂರು ವರ್ಷ. ಬೇಗಾನೇ ಆಯ್ತು ಬಿಡಿ.” ಹೆಚ್ಚಿದ್ದನ್ನು ತಟ್ಟೆಗೆ ಸರಿಸಿದಳು. “ಆ ಹುಡುಗಿ ಮುಂದೆ ನೀವು ಎರವಲು ಗಿರವಲು ಅಂದಾಗ ಮಾತ್ರ ನನಗೆ ನಾಚಿಕೆಯಾಯ್ತು ರೀ.”

ನನಗೂ ಆಗಿತ್ತು. ಅದನ್ನು ಅವಳಿಗೆ ಹೇಳಿದೆ. ಆಮೇಲೆ ನಾನೇ ತೊಟ್ಟಿಯ ಕೆಳಗೆ ಬಗ್ಗಿ ನಲ್ಲಿಯನ್ನು ಬಿಚ್ಚಿದೆ. ನೆಲವೆಲ್ಲ ಕೆರೆಯಾಯಿತು.

ಫೆಬ್ರವರಿ ೨೫, ಭಾನುವಾರ

ಬೂಟನ್ನು ಬೆಂಡುವಿನ ದೋಣಿಯ ಬಳಿ ಇಟ್ಟು ಬರೋಣವೆಂದು ಷೆಡ್ಡಿಗೆ ಹೋದೆ. ಆರು ವರ್ಷಗಳಿಂದ ಕಾಲಿಟ್ಟಿರಲಿಲ್ಲ. ರಬ್ಬರ್, ಅಂಟು, ಒದ್ದೆ ಹಗ್ಗಗಳ ಅದೇ ವಾಸನೆ. ಅವನ ದೋಣಿಯ ಹಿಂಬದಿಯಲ್ಲಿ ಹಸ್ತದಗಲದ ಬಿರುಕಿತ್ತು. ಅದನ್ನು ಹಾಗೆ ಬಿಟ್ಟು ಬರಲಾಗಲಿಲ್ಲ. ಉಜ್ಜಿದೆ, ಪಟ್ಟಿ ಹಚ್ಚಿದೆ, ಮಧ್ಯಾಹ್ನವಾಯಿತು.

ಅಂಟು ಒಣಗುವವರೆಗೆ ಏನು ಮಾಡುವುದೆಂದು ಶಾಲೆಯ ದೋಣಿಯೊಂದರಲ್ಲಿ ಕುಳಿತು ನೋಡಿದೆ. ಮಂಡಿಗಳು ಒಪ್ಪಲಿಲ್ಲ, ಬೈದು ಒಪ್ಪಿಸಿದೆ. ಷೆಡ್ಡಿನ ಹಿಂದಿನ ಕೊಳದಲ್ಲಿ ಎರಡು ಸುತ್ತು ಹಾಕಿದೆ. ವಿಶೇಷವೇನೂ ಇಲ್ಲ.

ಆ ಕೊಳದಲ್ಲಿಯೇ ಬೆಂಡು ನನಗೆ ಮಗುಚಿ ಏಳುವುದನ್ನು ಕಲಿಸಿದ್ದು. ಮಗುಚಿದವನ ತಲೆಯ ಕೆಳಗೆ ತನ್ನ ಅಂಗೈ ಇಟ್ಟು ನಿಲ್ಲುತ್ತಿದ್ದ. ಎತ್ತುತ್ತಿರಲಿಲ್ಲ, ಅಂಗೈ ಅಲ್ಲಿದೆ ಎಂದು ತಿಳಿಯುವಷ್ಟು ಮಾತ್ರ. “ಅವಸರ ಬೇಡ, ನಾನು ಎಲ್ಲೂ ಹೋಗಲ್ಲ” ಎನ್ನುತ್ತಿದ್ದ. ನೀರಿನೊಳಗಿದ್ದರೂ ಆ ಮಾತು ಕೇಳಿಸುತ್ತಿತ್ತು. ಇಪ್ಪತ್ತೇಳು ವರ್ಷ ನಾನು ಕಲಿಸಿದವರೆಲ್ಲರ ತಲೆಯ ಕೆಳಗೆ ನಾನೂ ಅಂಗೈ ಇಟ್ಟಿದ್ದೇನೆ. ಸಂಘದ ಪುಸ್ತಕದಲ್ಲಿ ಅದಕ್ಕೆ ‘ಮೇಷ್ಟ್ರ ಪದ್ಧತಿ’ ಎಂದು ಹೆಸರು. ಆ ಪುಟವನ್ನು ನಾನು ಎರಡು ಸಲ ಪರಿಷ್ಕರಿಸಿದ್ದೇನೆ.

ಫೆಬ್ರವರಿ ೨೮, ಬುಧವಾರ

ಪತ್ರದಲ್ಲಿ ಹೇಳುವುದು ಸುಲಭ. ಅದಕ್ಕಾಗಿಯೇ ಬೇಡವೆಂದು ಆಸ್ಪತ್ರೆಗೆ ಹೋದೆ. ಎಕ್ಸ್‌ರೇ ಕೋಣೆಯ ಹೊರಗೆ ಬೆಂಚಿನ ಮೇಲೆ ಕಟ್ಟು ಹಾಕಿದ ಕೈಕಾಲುಗಳ ನಡುವೆ ಕುಳಿತೆ. ನನ್ನ ಸರದಿ ಬಂದಾಗ ಒಳಗೆ ಕರೆದಳು.

“ಏನಾಯ್ತು ದೊಡ್ಡಪ್ಪ, ಮಂಡಿನಾ?”

“ಮಂಡಿಯಲ್ಲ. ಒಂದು ವಿಷಯ ಹೇಳಬೇಕು.”

“ಇಲ್ಲಿ ಬಂದೋರಿಗೆಲ್ಲ ನಾನು ಹೇಳೋದು ಒಂದೇ. ಅಲ್ಲಾಡಬೇಡಿ, ಉಸಿರು ಬಿಗಿ ಹಿಡೀರಿ. ಹೇಳಿ, ಹೇಳಿ” ಎಂದು ನಕ್ಕಳು.

ಹೇಳಿದೆ. ಹಗ್ಗ ಎಸೆದವನು ಯಾರು, ಬೂಟು ಯಾರದು, ಮರುದಿನದ ಸಭೆಯಲ್ಲಿ ಕೆಲಸ ಯಾರಿಗೆ ಸಿಕ್ಕಿತು. ಬಾಗದ ಕಬ್ಬಿಣದಂತೆ ನಿಂತು ಕೇಳಿದಳು.

“ಮುಳುಗಿದವರ ಹತ್ರ ಕಲಿಯಲ್ಲ ಅಂತ ನಾನು ಅಪ್ಪನ ಮುಖಕ್ಕೆ ಹೇಳ್ದಾಗ ನೀವು ಅಲ್ಲೇ ಇದ್ರಿ.”

“ಇದ್ದೆ.”

“ನಕ್ಕಿದ್ರಿ.”

“ನಕ್ಕಿದ್ದೆ.”

“ಅಪ್ಪ?”

“ಅವನೂ ನಕ್ಕ.”

ಗೋಡೆಗೆ ನೇತುಹಾಕಿದ್ದ ಸೀಸದ ಉಡುಪಿನ ಕೊಕ್ಕೆಯನ್ನು ಸರಿಪಡಿಸಿದಳು. ಅದು ಸರಿಯಾಗಿಯೇ ಇತ್ತು. “ಹೊರಗೆ ಜನ ಕಾಯ್ತಿದ್ದಾರೆ ದೊಡ್ಡಪ್ಪ” ಎಂದಳು. ‘ದೊಡ್ಡಪ್ಪ’ ಎಂದಳು. ಅದನ್ನೇ ಹಿಡಿದುಕೊಂಡು ಮನೆಗೆ ಬಂದೆ.

ಫೆಬ್ರವರಿ ೨೯, ಗುರುವಾರ

ಬೇಕರಿಗೆ ಹೋಗಿ ಕಾರ್ಯದರ್ಶಿಗೂ ಹೇಳಿದೆ. ಒಲೆಯ ಬಾಗಿಲು ತೆರೆದಿಟ್ಟುಕೊಂಡೇ ಕೇಳಿದ. ಒಂದು ತಟ್ಟೆ ಬನ್ನು ಕರಕಲಾಯಿತು.

“ಹಾಗೇ ಇರ್ಲಿ ಬಿಡಿ ಮೇಷ್ಟ್ರೇ. ಕಥೆ ಚೆನ್ನಾಗಿದೆ. ಬೆಂಡಣ್ಣಾನೇ ಒಪ್ಪಿಕೊಂಡಿದ್ದು. ಈ ವಯಸ್ಸಲ್ಲಿ ಯಾಕೆ ನಿಮಗೆ?”

“ಕಥೆ ಚೆನ್ನಾಗಿದೆ. ತಪ್ಪಾಗಿದೆ” ಎಂದೆ.

“ಹದಿನೇಳು ಅಂತ ತಿದ್ದಿದ್ರಲ್ಲ!”

“ಅಲ್ಲಿ ತಿದ್ದಬೇಕಾದದ್ದು ಅಂಕಿಯಲ್ಲ.”

ಕೆತ್ತುವವನಿಗೆ ತಡೆಯಲು ಹೇಳಿಸಿದ್ದಾಯಿತು. ಹೊರಡುವಾಗ ಕರಕಲಾಗದ ಬನ್ನುಗಳನ್ನು ಪೊಟ್ಟಣ ಕಟ್ಟಿಕೊಟ್ಟ. “ಮುಳುಗಿದೋರಿಗೆ ನಮ್ಮ ಅಂಗಡಿಯಲ್ಲಿ ಬಿಟ್ಟಿ” ಎಂದ. ಊರಿನಲ್ಲಿ ನನ್ನನ್ನು ಗೇಲಿ ಮಾಡಿದ ಮೊದಲಿಗ ಅವನೇ. ಅಷ್ಟೇನೂ ನೋವಾಗಲಿಲ್ಲ.

ಮಾರ್ಚ್ ೩, ಭಾನುವಾರ

ಅವಳಿಂದ ಸುದ್ದಿಯಿಲ್ಲ. ಕೊಳದಲ್ಲಿ ಹತ್ತು ಸುತ್ತು.

ಮಾರ್ಚ್ ೬, ಬುಧವಾರ

ಸುದ್ದಿಯಿಲ್ಲ. ನಲ್ಲಿಯನ್ನು ಕೊನೆಗೂ ಸರಿಪಡಿಸಿದೆ. ಬೆಂಡುವಿಗೆ ಹೇಳಬೇಕು ಎಂದುಕೊಂಡೇ ಎದ್ದೆ, ಆಮೇಲೆ ಕುಳಿತೆ.

ಮಾರ್ಚ್ ೯, ಶನಿವಾರ

ಕಾರಿನ ತಲೆಯ ಮೇಲೆ ದೋಣಿ ಕಟ್ಟಿಕೊಂಡು ಬಂದಳು. ನನ್ನಾಕೆ ಕೊಟ್ಟ ನೀರನ್ನು ನಿಂತೇ ಕುಡಿದು ಮುಗಿಸಿದಳು.

“ಎರಡು ದಿನ ನಿಮ್ಮ ಮೇಲೆ ಕೋಪ ಇತ್ತು ದೊಡ್ಡಪ್ಪ. ಆಮೇಲೆ ನಾಲ್ಕು ದಿನ ಅಪ್ಪನ ಮೇಲೆ. ಆಮೇಲೆ ಹದಿನಾಲ್ಕು ವರ್ಷದ ಆ ಜಂಬಗಾತಿ ಮೇಲೆ. ಈಗ ಕೋಪ ಮಾಡ್ಕೊಳ್ಳೋಕೆ ಯಾರೂ ಉಳಿದಿಲ್ಲ. ಅದಕ್ಕೇ ಬಂದೆ.”

ನಾನು ಕ್ಷಮೆ ಕೇಳಲು ಒಂದು ವಾಕ್ಯವನ್ನು ಕಟ್ಟಿಟ್ಟುಕೊಂಡಿದ್ದೆ. ಕರ್ತೃ, ಕರ್ಮ, ಕ್ರಿಯಾಪದಗಳೆಲ್ಲ ಸರಿಯಾಗಿದ್ದ ವಾಕ್ಯ. ಬಾಯಿಗೆ ಬಂದದ್ದು, “ತಪ್ಪಾಯ್ತಮ್ಮ” ಎಂಬುದಷ್ಟೇ.

“ಒಂದು ಮಾತು ನೆನಪಾಯ್ತು” ಎಂದಳು. “ಅವತ್ತು ನಾನು ಹಾಗಂದ ಮೇಲೆ ಮನೆಗೆ ಹೋಗ್ತಾ ಅಪ್ಪ ಏನಂದ್ರು ಗೊತ್ತಾ? ‘ಮೇಷ್ಟ್ರ ಹತ್ರಾನೇ ಕಲಿ ಪುಟ್ಟಿ. ಮುಳುಗೋದು ಅಂದ್ರೆ ಏನು ಅಂತ ಅವರಿಗೆ ಗೊತ್ತು. ಅದು ಗೊತ್ತಿರೋರು ಮಕ್ಕಳನ್ನ ಗದರಿಸಲ್ಲ’ ಅಂದ್ರು. ಬಾಯಿತಪ್ಪಿ ಹೇಳ್ತಿದ್ದಾರೆ ಅಂದ್ಕೊಂಡಿದ್ದೆ. ಅಪ್ಪ ಸರಿಯಾಗೇ ಹೇಳಿದ್ರು.”

ಆ ಕೆಲಸವನ್ನು ಅವನು ನನಗೆ ಕನಿಕರದಿಂದ ಬಿಟ್ಟುಕೊಟ್ಟನೆಂದೇ ಮೂವತ್ತಮೂರು ವರ್ಷ ನಂಬಿದ್ದೆ. ನಾನು ಆ ಕೆಲಸಕ್ಕೆ ತಕ್ಕವನೆಂದು ಅವನು ಎಂದಾದರೂ ಎಣಿಸಿದ್ದಿರಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ.

“ಪತ್ರ ನಾನು ಓದಲ್ಲ” ಎಂದಳು. “ನೀವೇ ಹೇಳಿ. ನೀರಿನ ಮೇಲೆ, ಎಲ್ಲರೆದುರಿಗೆ. ಆ ಬೂಟು ತನ್ನಿ.”

“ದೋಣಿಯಲ್ಲಿ ಬರುತ್ತಾರೇನಮ್ಮ ಇವರು ಈಗ?” ಎಂದು ನನ್ನಾಕೆ ಕೇಳಿದಳು.

“ಸಂಘದವರೆಲ್ಲ ನೋಡಿದ್ದಾರೆ. ಎರಡು ವಾರದಿಂದ ಪ್ಯಾಂಟೆಲ್ಲ ಒದ್ದೆ ಮಾಡ್ಕೊಂಡು ಬರ್ತಿರೋರು ಯಾರು ದೊಡ್ಡಮ್ಮ, ಪಕ್ಕದ ಮನೆಯೋರಾ?”

ಮಾರ್ಚ್ ೧೭, ಭಾನುವಾರ

ನೀರು ಹದವಾಗಿತ್ತು. ಹತ್ತೊಂಬತ್ತು ದೋಣಿಗಳು. ನಾನು ಬೆಂಡುವಿನ ದೋಣಿಯಲ್ಲಿ ಇಳಿದೆ. ನನ್ನ ಪಟ್ಟಿ ಒಂದು ಹನಿಯನ್ನೂ ಒಳಗೆ ಬಿಡಲಿಲ್ಲ. ಮೊದಲೆರಡು ಸೆಳವುಗಳು ಸೌಮ್ಯವಾದವು. ಮಗಳು ನನ್ನ ಎಡಕ್ಕೆ ಒಂದು ಹುಟ್ಟಿನಳತೆಯಲ್ಲಿ ಉದ್ದಕ್ಕೂ ಬಂದಳು. ಅಲ್ಲಿದ್ದಳು, ಅಷ್ಟೇ.

ಮೂರನೆಯ ಸೆಳವಿನ ಮೇಲಿನ ನಿಂತ ನೀರಿನಲ್ಲಿ ದೋಣಿಗಳು ಒತ್ತಾಗಿ ಸೇರಿದವು. ಹುಟ್ಟುಗಳ ತುದಿಗಳನ್ನು ತಾಗಿಸಿ ಹಿಡಿದೆವು. ಅಂದಿನ ಐವರಲ್ಲಿ ಇಬ್ಬರು ಇದ್ದರು. ನಾನು ಹೇಳಿದೆ. ಕಟ್ಟಿಟ್ಟುಕೊಂಡಿದ್ದ ವಾಕ್ಯಗಳಲ್ಲಿ ಅರ್ಧವನ್ನು ಸೆಳವಿನ ಸದ್ದು ನುಂಗಿತು, ಉಳಿದದ್ದು ಸಾಕಾಯಿತು.

ಅಂದು “ಯಾರ್ರೋ ಮುಳುಗಿದ್ದು” ಎಂದು ಕೂಗಿದ ಮುದುಕ ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡ. “ಮೂವತ್ಮೂರು ವರ್ಷ ಆ ನಲ್ಲಿಯೋನನ್ನ ಕೆಣಕಿದ್ದೀನಲ್ಲೋ! ಒಂದ್ಸಲನಾದ್ರೂ ಬಾಯಿ ಬಿಟ್ನಾ ಆಸಾಮಿ!” ಎಂದ. ಆಮೇಲೆ ನನ್ನ ಕಡೆ ತಿರುಗಿ, “ಮೇಷ್ಟ್ರೇ, ಬೂಟು” ಎಂದ.

ದಡದ ಮರಳಿನಲ್ಲಿ ನಿಂತೆವು. ಮಗಳು ಬಾಟಲಿಯಿಂದ ಸುರಿದಳು. ಹಳೆಯ ರಬ್ಬರು ಅಟ್ಟೆಯ ಬಳಿ ಸೀಳಿತ್ತು. ಬಿಯರ್ ಹನಿಹನಿಯಾಗಿ ಸೋರತೊಡಗಿತು. “ಬೇಗ, ಬೇಗ!” ಎಂದು ಎಲ್ಲರೂ ಕೂಗಿದರು. ಅವಳು ಬೂಟಿನ ಕೆಳಗೆ ಅಂಗೈ ಇಟ್ಟಳು. “ಅವಸರ ಬೇಡ ದೊಡ್ಡಪ್ಪ, ನಾನು ಎಲ್ಲೂ ಹೋಗಲ್ಲ” ಎಂದಳು.

ಆ ಮಾತನ್ನು ಅವಳು ಎಲ್ಲಿ ಕಲಿತಳು? ಅವಳ ಮೊದಲ ಪಾಠಗಳಲ್ಲಿ ನಾನೇ ಹೇಳಿರಬೇಕು. ನನಗೆ ಬಂದದ್ದು ಬೆಂಡುವಿನಿಂದ. ಹೇಗೋ ಸುತ್ತಿ ಅವನ ಮಗಳಿಗೇ ತಲುಪಿದೆ. ಇಷ್ಟಾದರೂ ಕೈತಪ್ಪಿಸದೆ ದಾಟಿಸಿದ್ದೇನಲ್ಲ ಎಂದು ಸಮಾಧಾನವಾಯಿತು. ಬಿಯರಿಗೆ ರಬ್ಬರಿನ ರುಚಿಯಿತ್ತು. ಅವನು ಅಂದು ಮುಖ ಕಿವುಚದೆ ಕುಡಿದಿದ್ದ; ನನ್ನಿಂದ ಅಷ್ಟಾಗಲಿಲ್ಲ.

ಸೆಳವಿಗೆ ‘ಮೇಷ್ಟ್ರುಮುಳುಗು’ ಎಂದು ಮರುನಾಮಕರಣ ಮಾಡೋಣವೆಂದು ಕಾರ್ಯದರ್ಶಿ ಎಲ್ಲರ ಮುಂದಿಟ್ಟ. ಮಗಳು ಬೇಡವೆಂದಳು. “ಅಪ್ಪ ತಾನಾಗೇ ಇಟ್ಕೊಂಡ ಹೆಸರು ಅದು. ಇರ್ಲಿ. ಫಲಕದಲ್ಲಿ ಮಾತ್ರ ‘ಬೆಂಡು ಇಲ್ಲಿಂದ ಹಗ್ಗ ಎಸೆದ’ ಅಂತ ಬರೆಸಿ.” ನಾನು ತಿದ್ದಲು ಏನೂ ಇರಲಿಲ್ಲ.

ಆಮೇಲೆ ಎಲ್ಲರೂ ಬೆಂಡುಮುಳುಗನ್ನು ಇಳಿದರು. ನನ್ನ ಮಂಡಿಗಳಿಗೆ ಅದು ಸಲ್ಲದು. ಹಗ್ಗದ ಚೀಲ ಹಿಡಿದು ದೊಡ್ಡ ಬಂಡೆಯ ಮೇಲೆ ನಿಂತೆ. ಅವನು ನಿಂತ ಜಾಗ. ಅಲ್ಲಿಂದ ನೋಡಿದರೆ ನದಿ ಬೇರೆಯೇ ಆಗಿ ಕಾಣುತ್ತದೆ. ಬರುವವರ ಮುಖ ಮೊದಲು ಕಾಣುತ್ತದೆ. ಅಂದು ನನ್ನ ಮುಖದಲ್ಲಿ ಅವನು ಏನು ಕಂಡನೋ!

ಮಗಳು ಕೊನೆಯವಳಾಗಿ ಬಂದಳು. ನಾನು ಮಗುಚಿದಲ್ಲಿಯೇ ಮಗುಚಿದಳು. ಕೆಂಪು ತಳ ಮಾತ್ರ ಕಾಣಿಸಿತು. ನಾನು ಕೈ ಎತ್ತಿದೆ. ಒಂದು, ಎರಡು ಎನ್ನುವಷ್ಟರಲ್ಲಿ ನೀರು ಕೊಡವಿಕೊಂಡು ಎದ್ದಳು. ನನ್ನನ್ನು ನೋಡಿ ಹುಟ್ಟು ಎತ್ತಿದಳು. ನಗುವಾಗ ಮೂಗಿನ ತುದಿ ಬಾಗಿತು. ಹಗ್ಗ ಎಸೆಯಬೇಕಾಗಲಿಲ್ಲ. ಎಸೆಯಬೇಕಾಗಲಿಲ್ಲವೆಂಬುದಕ್ಕೂ, ಎಸೆಯಲು ಒಬ್ಬನನ್ನು ಅಲ್ಲಿ ನಿಲ್ಲಿಸಿದ್ದಕ್ಕೂ, ಯಾರಿಗೆ ಹೇಳಬೇಕೋ ಅವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಸಂಘದ ಪುಸ್ತಕಕ್ಕೆ ಸೇರಿಸಲು ತಿದ್ದುಪಡಿಗಳ ಪಟ್ಟಿಯನ್ನು ಸಿದ್ಧಪಡಿಸಿದ್ದೇನೆ. ಪ್ರತಿ ಇಲ್ಲಿದೆ.

ಮೂವತ್ತಮೂರು ವರ್ಷಗಳ ಹಿಂದಿನ ಮಾರ್ಚ್ ೧೭, ಭಾನುವಾರ (ನನ್ನ ಪತ್ರದಲ್ಲಿ ೧೮ ಎಂದಿದ್ದುದು ತಪ್ಪು): ಮೂರನೆಯ ಸೆಳವಿನಲ್ಲಿ ಮುಳುಗಿದವನು ನಾನು. ಹಗ್ಗ ಎಸೆದವನು ಬೆಂಡು. ಬೂಟು ನನ್ನದು, ಎಡ.

ಅದೇ ವರ್ಷ ಮಾರ್ಚ್ ೧೮, ಸೋಮವಾರ: ನಾನು ಶಾಲೆಯ ಮುಖ್ಯಸ್ಥನಾದ ದಿನ. ನನ್ನ ಲೇಖನಿ ಎರಡು ದಿನಗಳನ್ನು ಏಕೆ ಒಂದಾಗಿಸಿತೆಂದು ಈಗ ತಿಳಿಯಿತು. ಆಗಬೇಕಾಗಿದ್ದವನು ಅಂದು ಹಿಂದಿನ ಬೆಂಚಿನಲ್ಲಿ ಕುಳಿತು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ.

ಇಪ್ಪತ್ತೆರಡು ವರ್ಷಗಳ ಹಿಂದಿನ ಜೂನ್ ೨, ಭಾನುವಾರ: ಬೆಂಡುವಿನ ಮಗಳು ಮೊದಲ ಸಲ ಮಗುಚಿ ಎದ್ದ ದಿನ. ‘ಕಲಿಸಿದವರು: ಮೇಷ್ಟ್ರು’ ಎಂಬುದರ ಮುಂದೆ ‘ಮೇಷ್ಟ್ರಿಗೆ ಕಲಿಸಿದವನು: ದಡದಲ್ಲಿ ಹಗ್ಗ ಹಿಡಿದು ನಿಂತಿದ್ದವನು’ ಎಂದು ಸೇರಿಸುವುದು.

ಈ ವರ್ಷ ಜನವರಿ ೨೨, ಸೋಮವಾರ: ದಿನಾಂಕ ಸರಿಯಾಗಿದೆ. ಎರಡು ಸಲ ನೋಡಿದೆ.

ಈ ವರ್ಷ ಫೆಬ್ರವರಿ ೧೭, ಶನಿವಾರ: ಬೂಟನ್ನು ಎರವಲು ಕೊಟ್ಟಿದ್ದೆ ಎಂದದ್ದು ಸುಳ್ಳು.

ನಾಡಿದ್ದು: ಇಂದು.